ತಾತ್ಕಾಲಿಕಗತಿಯಿಂದ ಜನಸಂಖ್ಯೆಯವರೆಗೆ: ಕಲನಶಾಸ್ತ್ರವು ಜೀವ-ಸಮಾಜವಿಷಯಗಳನ್ನು ಪ್ರವೇಶಿಸಿದ ಚರಿತ್ರೆ

ಜೀವಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳಿಗೂ ಕಾಲೇಜಿನ ಆರಂಭದ ತರಗತಿಗಳಲ್ಲಿ ಕಲನಶಾಸ್ತ್ರವನ್ನು ಬೋಧಿಸುವ ಪದ್ಧತಿಯು ಈಗ ಅನೇಕ ದೇಶಗಳಲ್ಲಿ ರೂಢವಾಗಿದೆ. ಗ್ರಹಗಳ ಚಾರವನ್ನೂ ಯಂತ್ರಗಳ ವೇಗವನ್ನೂ ಅಳೆಯುವುದಕ್ಕೆ ಬೆಳೆದ ಶಾಸ್ತ್ರಕ್ಕೆ ಮೀನು, ಸೊಳ್ಳೆ, ಸಿಡುಬು, ಸಂತೆಯ ಬೆಲೆ ಇವುಗಳಲ್ಲೇನು ಕೆಲಸವೆಂದು ಶಂಕಿಸುವವರುಂಟು. ಈ ಶಂಕೆಗೆ ಸಮಾಧಾನವು ಆ ಶಾಸ್ತ್ರದ ಚರಿತ್ರೆಯಲ್ಲಿಯೇ ದೊರೆಯುವುದು. ಆದರೆ ಆ ಚರಿತ್ರೆಯು ಬರಿಯ ವಿಜಯಪರಂಪರೆಯಲ್ಲ. ಆಕಾಶದಲ್ಲಿ ನಿಷ್ಕೃಷ್ಟವಾಗಿ ಫಲಿಸಿದ ಗಣಿತವು ಮನುಷ್ಯರ ಎಣಿಕೆಗೆ ಬಂದಾಗ ಪದೇ ಪದೇ ತಪ್ಪಿತು. ತಪ್ಪಿದುದು ಗಣಿತವೋ, ಗಣಿತದ ಕೈಗೆ ಒಪ್ಪಿಸಿದ ಕಲ್ಪನೆಯೋ ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಬದಲಾಗುತ್ತಿರುವ ವಸ್ತುವೊಂದು ಇಷ್ಟು ಕಾಲದಲ್ಲಿ ಎಷ್ಟು ಬದಲಾಯಿತೆಂಬುದು ಒಂದು ಪ್ರಶ್ನೆ. ಈ ಕ್ಷಣದಲ್ಲಿ ಯಾವ ವೇಗದಿಂದ ಬದಲಾಗುತ್ತಿದೆಯೆಂಬುದು ಮತ್ತೊಂದು. ಮೊದಲನೆಯದಕ್ಕೆ ವ್ಯವಕಲನವು ಸಾಕು, ಎರಡನೆಯದಕ್ಕೆ ಸಾಲದು. ಇವೆರಡರ ಭೇದವನ್ನು ತಿಳಿಯುವುದೇ ಕಲನಶಾಸ್ತ್ರದ ಪ್ರಥಮಪಾಠ. ಭಾಸ್ಕರಾಚಾರ್ಯನು ಶಕ ೧೦೭೨ರಲ್ಲಿ, ಎಂದರೆ ಕ್ರಿ. ಶ. ೧೧೫೦ರಲ್ಲಿ, ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯ ಸ್ಪಷ್ಟಾಧಿಕಾರದಲ್ಲಿ ಈ ಭೇದವನ್ನು ಹೆಸರಿಟ್ಟು ನಿರೂಪಿಸಿರುವನು. ಇಂದಿನ ಸ್ಫುಟಗ್ರಹಕ್ಕೂ ನಾಳಿನ ಸ್ಫುಟಗ್ರಹಕ್ಕೂ ಇರುವ ಅಂತರವು ಸ್ಥೂಲಗತಿ. ಆಯಾ ಕ್ಷಣಕ್ಕೆ ಸಲ್ಲುವ ಗತಿಯು ತಾತ್ಕಾಲಿಕಗತಿ, ಅದೇ ಸೂಕ್ಷ್ಮವಾದುದು.

ಈ ಸೂಕ್ಷ್ಮದ ಅವಶ್ಯಕತೆಯು ಚಂದ್ರನಿಂದ ಉಂಟಾಯಿತು. ಚಂದ್ರನ ಮಧ್ಯಮಗತಿಯು ದಿನಕ್ಕೆ ೭೯೦ ಕಲೆ ೩೫ ವಿಕಲೆ. ಆದರೆ ಸ್ಫುಟಗತಿಯು ಮಂದೋಚ್ಚದ ಸಮೀಪದಲ್ಲಿ ಸುಮಾರು ೭೨೦ ಕಲೆಗೆ ಇಳಿದು, ನೀಚದ ಸಮೀಪದಲ್ಲಿ ಸುಮಾರು ೮೬೦ ಕಲೆಯವರೆಗೆ ಏರುವುದು. ಸೂರ್ಯನ ಗತಿಯು ದಿನಕ್ಕೆ ೫೯ ಕಲೆ ೮ ವಿಕಲೆ ಮಾತ್ರ. ಅಲ್ಲಿ ಸ್ಥೂಲಗತಿಯಿಂದ ಗಣಿಸಿದರೂ ದೋಷವು ಎದ್ದುಕಾಣುವಷ್ಟಾಗದು. ಚಂದ್ರನ ಗತಿಯಾದರೋ ದೊಡ್ಡದು, ಕ್ಷಣಕ್ಷಣಕ್ಕೂ ಭಿನ್ನವಾದುದು. ಆದಕಾರಣ ತಿಥ್ಯಂತವು ಸಮೀಪದಲ್ಲಿರುವಾಗ ತಾತ್ಕಾಲಿಕಗತಿಯಿಂದಲೂ ದೂರದಲ್ಲಿರುವಾಗ ಮೊದಲಿನ ಸ್ಥೂಲಗತಿಯಿಂದಲೂ ಸಾಧಿಸಬೇಕೆಂದು ಆಚಾರ್ಯನು ವಿಧಿಸಿರುವನು. ಈ ವಿಧಿಯಲ್ಲಿ ಅಡಗಿರುವ ವಿವೇಕವನ್ನು ವ್ಯಾಖ್ಯಾನಕಾರರು ಸಾಮಾನ್ಯವಾಗಿ ಗಣಿತಸೌಕರ್ಯವೆಂದು ದಾಟಿಹೋಗುವರು. ಅದು ಅಷ್ಟೇ ಅಲ್ಲ. ಕ್ಷಣದ ವೇಗವು ಆ ಕ್ಷಣದ ಆಸುಪಾಸಿಗೆ ಮಾತ್ರ ಪ್ರಮಾಣ, ಅದನ್ನು ದೂರಕ್ಕೊಯ್ದು ಗುಣಿಸಿದರೆ ಫಲವು ಕೆಡುವುದು ಎಂಬ ಎಚ್ಚರಿಕೆಯು ಅದರಲ್ಲಿದೆ. ಮುಂದೆ ಹೇಳುವ ಕಥೆಯಲ್ಲಿ ಈ ಎಚ್ಚರಿಕೆಯನ್ನು ಮರೆತವರು ಅನೇಕರು.

ತಾತ್ಕಾಲಿಕಗತಿಯನ್ನು ಸಾಧಿಸುವ ಕ್ರಮವೂ ಸರಳವಾದುದೇ. ಜ್ಯಾಗಳ ವೃದ್ಧಿಯು ಎಲ್ಲೆಡೆಯೂ ಸಮವಲ್ಲ; ಪಾದದ ಆರಂಭದಲ್ಲಿ ಹೆಚ್ಚು, ಅಂತ್ಯದಲ್ಲಿ ಕಡಮೆ. ಕೋಟಿಜ್ಯೆಯು ತ್ರಿಜ್ಯೆಗೆ, ಎಂದರೆ ೩೪೩೮ಕ್ಕೆ, ಸಮವಾಗಿರುವಲ್ಲಿ ಭೋಗ್ಯಖಂಡವು ೨೨೫ ಆದರೆ, ಇಷ್ಟಕೋಟಿಜ್ಯೆಗೆ ಎಷ್ಟು? ತ್ರೈರಾಶಿಕವನ್ನು ಬಲ್ಲ ಬಾಲಕನೂ ಮಾಡಬಹುದಾದ ಲೆಕ್ಕವಿದು. ಆದರೂ ಇದರ ಅರ್ಥವು ದೊಡ್ಡದು: ಜ್ಯೆಯ ವೃದ್ಧಿಯು ಕೋಟಿಜ್ಯೆಯ ಅನುಪಾತದಲ್ಲಿದೆ ಎಂಬ ಈ ಮಾತೇ ಇಂದಿಗೂ ಕಲನಶಾಸ್ತ್ರದ ಪಠ್ಯಗಳ ಮೊದಲ ಪ್ರಕರಣಗಳಲ್ಲಿ ಬರುವ ಸೂತ್ರ. ಕೋಟಿಜ್ಯೆಯಿಂದ ಗತಿಫಲವನ್ನು ತರುವ ಮಾರ್ಗವು ಭಾಸ್ಕರನಿಗಿಂತ ಮುಂಚೆಯೇ, ಶಕ ೮೫೪ರಲ್ಲಿ ಮುಂಜಾಲನು ರಚಿಸಿದ ಲಘುಮಾನಸದಲ್ಲಿ ಕಾಣುವುದು. ಭಾಸ್ಕರನ ವೈಶಿಷ್ಟ್ಯವು ಅದಕ್ಕೆ ಉಪಪತ್ತಿಯನ್ನು ಕೊಟ್ಟು, ಮತ್ತೊಂದು ಹೆಜ್ಜೆ ಮುಂದಿಟ್ಟುದರಲ್ಲಿದೆ. ಗ್ರಹದ ಮಂದಫಲವು ಎಲ್ಲಿ ಪರಮವಾಗಿರುವುದೋ ಅಲ್ಲಿ ಗತಿಫಲವು ಶೂನ್ಯವೆಂದೂ, ಅಲ್ಲಿ ಮಧ್ಯಮಗತಿಯೇ ಸ್ಫುಟಗತಿಯೆಂದೂ ಆತನು ಹೇಳಿರುವನು. ಏರುತ್ತಿರುವುದು ಇಳಿಯತೊಡಗುವ ಸ್ಥಾನದಲ್ಲಿ ಅದರ ವೇಗವು ಇಲ್ಲವಾಗುವುದೆಂಬ ಈ ನಿಯಮವು ಏಳು ಶತಮಾನಗಳ ತರುವಾಯ ಔಷಧಜಲದ ಬೆಲೆಕಟ್ಟುವ ಕೆಲಸಕ್ಕೆ ಬಂದಿತು. ಅದನ್ನು ಮುಂದೆ ನೋಡಬಹುದು.

ಭಾಸ್ಕರನು ತನ್ನದೆಂದು ಹೇಳಿಕೊಂಡ, ಸಹ್ಯಾದ್ರಿಯ ಆಶ್ರಯದ ವಿಜ್ಜಡವಿಡವು ಇಂದಿನ ಯಾವ ಊರೆಂಬ ವಿವಾದಕ್ಕೆ ಇಲ್ಲಿ ಪ್ರಸಕ್ತಿಯಿಲ್ಲ. ಆತನ ಗ್ರಂಥಗಳ ಪಾಠಪ್ರವಚನಕ್ಕಾಗಿ ಮೊಮ್ಮಗನಾದ ಚಂಗದೇವನು ಮಠವೊಂದನ್ನು ಸ್ಥಾಪಿಸಿದನೆಂದು ಚಾಳೀಸಗಾಂವ್ ಬಳಿಯ ಪಾಟಣದ ೧೨೦೭ರ ಶಾಸನವು ತಿಳಿಸುವುದು. ಚಂಗದೇವನು ಯಾದವ ಸಿಂಘಣನ ಆಸ್ಥಾನಜ್ಯೋತಿಷಿ. ತಾತ್ಕಾಲಿಕಗತಿಯ ವಿಷಯವನ್ನು ಒಳಗೊಂಡ ಗ್ರಂಥಕ್ಕೆ ರಾಜಾಶ್ರಯದಲ್ಲಿ ಪಾಠಶಾಲೆಯೇ ಇದ್ದಿತೆಂಬುದು ಅಧ್ಯಾಪಕವರ್ಗಕ್ಕೆ ರುಚಿಸುವ ಸಂಗತಿ.

ಕಾಶಿಯ ಸಂಸ್ಕೃತ ಕಾಲೇಜಿನ ಬಾಪುದೇವಶಾಸ್ತ್ರಿಗಳು ೧೮೫೮ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ, ಭಾಸ್ಕರನಿಗೆ ಚಲನಕಲನದ ತತ್ತ್ವವು ತಿಳಿದಿದ್ದಿತೆಂದು ಪ್ರತಿಪಾದಿಸಿದರು. ಇಂಗ್ಲೆಂಡಿನ ಸ್ಪಾಟಿಸ್ವುಡ್ ಎಂಬ ಗಣಿತಜ್ಞನು ೧೮೬೦ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ಪರಾಮರ್ಶಿಸಿ, ಆಚಾರ್ಯನ ಸೂಕ್ಷ್ಮದೃಷ್ಟಿಯನ್ನು ಶ್ಲಾಘಿಸಿದರೂ, ಅತ್ಯಲ್ಪರಾಶಿಗಳ ಸಾಮಾನ್ಯಸಿದ್ಧಾಂತವು ಅಲ್ಲಿಲ್ಲವೆಂದು ನಿರ್ಣಯಿಸಿದನು. ಇಬ್ಬರ ಮಾತಿನಲ್ಲಿಯೂ ಸತ್ಯವುಂಟು. ಭಾಸ್ಕರನದು ಜ್ಯೆಯೊಂದರ ವಿಷಯದಲ್ಲಿ ಸಿದ್ಧವಾದ ಜ್ಞಾನ. ಯಾವ ರಾಶಿಗಾದರೂ ಅನ್ವಯಿಸುವ ಸಾಮಾನ್ಯತಂತ್ರವು ನ್ಯೂಟನ್ ಮತ್ತು ಲೈಬ್ನಿಟ್ಸರಿಂದ ಹದಿನೇಳನೆಯ ಶತಮಾನದಲ್ಲಿ ಬಂದಿತು. ಅವರಿಬ್ಬರೊಳಗಿನ ಪ್ರಾಥಮ್ಯಕಲಹವು ಸುಪ್ರಸಿದ್ಧ. ಅದನ್ನು ಬೆಳೆಸುವುದರಿಂದ ಪ್ರಯೋಜನವಿಲ್ಲ. ಬಾಪುದೇವಶಾಸ್ತ್ರಿಗಳ ತರುವಾಯ ಕಾಶಿಯಲ್ಲಿಯೇ ಸುಧಾಕರ ದ್ವಿವೇದಿಗಳು ಪಾಶ್ಚಾತ್ಯರೀತಿಯ ಈ ಶಾಸ್ತ್ರವನ್ನು ಹಿಂದಿಯಲ್ಲಿ ಬರೆದು ಅದಕ್ಕೆ ‘ಚಲನಕಲನ’ವೆಂದೇ ಹೆಸರಿಟ್ಟರು. ಕನ್ನಡದ ಪಠ್ಯಗಳಲ್ಲಿ ಕಲನಶಾಸ್ತ್ರ, ಅವಕಲನ, ಅನುಕಲನ ಎಂಬ ಪದಗಳು ನೆಲೆಗೊಂಡಿವೆ. ಹಳೆಯ ‘ತಾತ್ಕಾಲಿಕ’ ಶಬ್ದವು ಮಾತ್ರ ಲೋಕರೂಢಿಯಲ್ಲಿ ‘ಸದ್ಯಕ್ಕೆ ಮಾತ್ರ’ ಎಂಬ ಅರ್ಥಕ್ಕೆ ಜಾರಿಹೋದುದು ದುರದೃಷ್ಟ. ಇಲ್ಲವಾದರೆ ವಿದ್ಯಾರ್ಥಿಗೆ ಅದಕ್ಕಿಂತ ಒಳ್ಳೆಯ ಪರಿಭಾಷೆಯು ದೊರೆಯುತ್ತಿರಲಿಲ್ಲ.

ಆಕಾಶದಿಂದ ಭೂಮಿಗೆ ಈ ಗಣಿತವು ಇಳಿದುದು ಹದಿನೆಂಟನೆಯ ಶತಮಾನದಲ್ಲಿ. ಆಯ್ಲರನು ೧೭೪೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಘಾತಗಣಿತಕ್ಕೆ ಉದಾಹರಣೆಯಾಗಿ ಜನಸಂಖ್ಯೆಯನ್ನು ತೆಗೆದುಕೊಂಡನು. ಒಂದು ಲಕ್ಷ ಜನರಿರುವ ದೇಶದಲ್ಲಿ ಪ್ರತಿವರ್ಷವೂ ಮೂವತ್ತರಲ್ಲೊಂದು ಪಾಲು ವೃದ್ಧಿಯಾದರೆ ನೂರು ವರ್ಷಗಳಲ್ಲಿ ಅದು ೨೬,೫೪,೮೭೪ ಆಗುವುದು. ಜಲಪ್ರಳಯದಿಂದುಳಿದ ಆರು ಜನರಿಂದ ಇನ್ನೂರು ವರ್ಷಗಳಲ್ಲಿ ಹತ್ತು ಲಕ್ಷ ಜನರಾಗಬೇಕಾದರೆ ವರ್ಷಕ್ಕೆ ಸುಮಾರು ಹದಿನಾರರಲ್ಲೊಂದು ಪಾಲು ವೃದ್ಧಿ ಸಾಕು. ಅದೇ ವೃದ್ಧಿಯು ನಾನೂರು ವರ್ಷ ನಡೆದರೆ ಸಂಖ್ಯೆಯು ಹದಿನಾರು ಸಾವಿರದ ಆರುನೂರು ಕೋಟಿಯನ್ನು ಮೀರುವುದೆಂದೂ, ಅಷ್ಟು ಜನರನ್ನು ಭೂಮಿಯು ಸಾಕಲಾರದೆಂದೂ ಆಯ್ಲರನೇ ಸೂಚಿಸಿರುವನು. ಲೆಕ್ಕವು ಸರಿ, ಫಲವು ಅಸಂಭವ. ಈ ವಿಷಯದ ಚರಿತ್ರೆಯೆಲ್ಲವೂ ಈ ಒಂದು ಉದಾಹರಣೆಯಲ್ಲಿ ಬೀಜರೂಪವಾಗಿ ಇದೆಯೆನ್ನಬಹುದು.

ಕಲನಶಾಸ್ತ್ರವನ್ನು ಜೀವವಿಷಯಕ್ಕೆ ನಿಜವಾಗಿ ಪ್ರಯೋಗಿಸಿದವರಲ್ಲಿ ಮೊದಲಿಗನು ಡೇನಿಯಲ್ ಬೆರ್ನೂಲಿ. ಆಗ ಯೂರೋಪಿನಲ್ಲಿ ಸಿಡುಬು ಪ್ರಬಲವಾಗಿದ್ದಿತು. ಗೋಸ್ತನದ ಕೀವಿನಿಂದ ರಕ್ಷಿಸುವ ಜೆನ್ನರನ ಪದ್ಧತಿ ಇನ್ನೂ ಬಂದಿರಲಿಲ್ಲ; ಸಿಡುಬಿನ ಕೀವನ್ನೇ ಆರೋಗ್ಯವಂತರ ಚರ್ಮದಲ್ಲಿ ನಾಟಿಸುವ ಪದ್ಧತಿಯೊಂದಿದ್ದು, ಅದರಿಂದಲೂ ಕೆಲವರು ಸಾಯುತ್ತಿದ್ದರು. ನಾಟಿಸುವುದು ಲೇಸೋ ಬಿಡುವುದು ಲೇಸೋ? ಬೆರ್ನೂಲಿಯು ೧೭೬೦ರಲ್ಲಿ ಪ್ಯಾರಿಸ್ಸಿನ ಅಕಾಡೆಮಿಯ ಮುಂದೆ ಇದಕ್ಕೆ ಗಣಿತದಿಂದ ಉತ್ತರ ಹೇಳಿದನು. ಸಿಡುಬು ಬಾರದವರಲ್ಲಿ ವರ್ಷಕ್ಕೆ ಎಂಟರಲ್ಲೊಂದು ಪಾಲಿಗೆ ಅದು ತಗಲುವುದು. ತಗಲಿದವರಲ್ಲಿ ಎಂಟರಲ್ಲೊಂದು ಪಾಲು ಸಾಯುವರು. ಹೀಗೆ ಎರಡು ಕಲ್ಪನೆಗಳನ್ನಿಟ್ಟುಕೊಂಡು, ಹ್ಯಾಲಿಯು ೧೬೯೩ರಲ್ಲಿ ಪ್ರಕಟಿಸಿದ ಬ್ರೆಸ್ಲಾವ್ ನಗರದ ಮರಣಪಟ್ಟಿಯನ್ನಾಧರಿಸಿ, ಸಿಡುಬನ್ನು ಪೂರ್ತಿಯಾಗಿ ತೊಲಗಿಸಿದರೆ ಸರಾಸರಿ ಆಯುಸ್ಸು ೨೬ ವರ್ಷ ೭ ತಿಂಗಳಿನಿಂದ ೨೯ ವರ್ಷ ೯ ತಿಂಗಳಿಗೆ ಏರುವುದೆಂದು ಸಾಧಿಸಿದನು.

ಇದಕ್ಕೆ ದಾಲಾಂಬೇರನು ಅದೇ ವರ್ಷ ಎತ್ತಿದ ಪೂರ್ವಪಕ್ಷವು ಬಲು ಬೆಲೆಯುಳ್ಳದ್ದು. ಎಳೆಯ ಮಗುವಿಗೂ ಮೂವತ್ತು ವರ್ಷದವನಿಗೂ ಅದೇ ಎಂಟರಲ್ಲೊಂದೆಂಬುದಕ್ಕೆ ಆಧಾರವೇನು? ಮುಂದೆಂದೋ ಆಯುಸ್ಸಿನ ಕೊನೆಗೆ ಸೇರುವ ಕೆಲವು ತಿಂಗಳ ಲಾಭವನ್ನು ಈ ಹದಿನೈದು ದಿನಗಳೊಳಗೆ ಸಾಯಬಹುದಾದ ಭಯದೊಡನೆ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ನಾಟಿಯನ್ನು ದಾಲಾಂಬೇರನು ವಿರೋಧಿಸಿದವನಲ್ಲ. ಗಣಿತದಲ್ಲಿ ತಪ್ಪು ಹಿಡಿದವನೂ ಅಲ್ಲ. ಗಣಿತಕ್ಕೆ ಮುಂಚೆ ಇಟ್ಟ ಮಾತನ್ನು ಪರೀಕ್ಷಿಸಿರೆಂದನು. ನೈಯಾಯಿಕರ ಭಾಷೆಯಲ್ಲಿ ಹೇಳುವುದಾದರೆ, ವ್ಯಾಪ್ತಿಯೇ ಸಿದ್ಧವಾಗದಿರುವಾಗ ಅನುಮಾನದ ಅವಯವಗಳು ಎಷ್ಟು ಶುದ್ಧವಾಗಿದ್ದರೇನು?

ಮಾಲ್ಥಸನ ಪ್ರಬಂಧವು ೧೭೯೮ರಲ್ಲಿ ಪ್ರಕಟವಾಯಿತು. ಆತನು ಕೇಂಬ್ರಿಜಿನ ಗಣಿತಪರೀಕ್ಷೆಯಲ್ಲಿ ಒಂಬತ್ತನೆಯವನಾಗಿ ತೇರ್ಗಡೆಯಾದವನು. ೧೮೦೫ರಿಂದ ಈಸ್ಟ್ ಇಂಡಿಯಾ ಕಂಪನಿಯು ಹಿಂದೂದೇಶಕ್ಕೆ ಕಳುಹಿಸುವ ಅಧಿಕಾರಿಗಳಿಗಾಗಿ ಏರ್ಪಡಿಸಿದ ಕಾಲೇಜಿನಲ್ಲಿ ಚರಿತ್ರೆ, ಅರ್ಥಶಾಸ್ತ್ರಗಳ ಅಧ್ಯಾಪಕನು. ತಡೆಯಿಲ್ಲದಿದ್ದರೆ ಜನರು ಇಪ್ಪತ್ತೈದು ವರ್ಷಕ್ಕೊಮ್ಮೆ ಇಮ್ಮಡಿಯಾಗುವರು, ಆಹಾರವು ಸಮಾಂತರಶ್ರೇಢಿಯಲ್ಲಿ ಮಾತ್ರ ಬೆಳೆಯುವುದು. ಆದುದರಿಂದ ೨೨೫ ವರ್ಷಗಳಲ್ಲಿ ಜನರು ೫೧೨ ಆದರೆ ಆಹಾರವು ೧೦ ಆಗುವುದೆಂದು ಆತನು ಲೆಕ್ಕ ತೋರಿಸಿದನು. ಗಣಿತಜ್ಞನಾಗಿದ್ದರೂ ತಡೆಯು ಹೇಗೆ ಕ್ರಮಕ್ರಮವಾಗಿ ಬಲಿಯುವುದೆಂಬುದನ್ನು ಗಣಿತದಲ್ಲಿ ಬರೆಯಲಿಲ್ಲ.

ಆ ಕೊರತೆಯನ್ನು ತುಂಬಿದವನು ಬ್ರಸೆಲ್ಸಿನ ವರ್ಹುಲ್ಸ್ಟ್. ಸಮಾಜದ ಅಂಕಿಅಂಶಗಳಲ್ಲಿ ನಿಯಮವನ್ನರಸುತ್ತಿದ್ದ ಕೆತ್ಲೆಯು ಆತನಿಗೆ ಮಾರ್ಗದರ್ಶಿಯಾಗಿದ್ದನು. ೧೮೩೮ರ ಚಿಕ್ಕ ಲೇಖನವೊಂದರಲ್ಲಿ ವರ್ಹುಲ್ಸ್ಟನು ಜನವೃದ್ಧಿಯ ತಾತ್ಕಾಲಿಕವೇಗಕ್ಕೆ ಎರಡು ಅಂಗಗಳನ್ನು ಹೇಳಿದನು: ಒಂದು, ಇರುವ ಜನಸಂಖ್ಯೆಗೆ ಅನುಪಾತವಾದ ವೃದ್ಧಿ, ಮತ್ತೊಂದು, ಆ ಸಂಖ್ಯೆಯ ವರ್ಗಕ್ಕೆ ಅನುಪಾತವಾದ ತಡೆ. ಜನರು ಕಡಮೆಯಿರುವಾಗ ತಡೆಯು ನಗಣ್ಯ, ಬೆಳವಣಿಗೆಯು ಮಾಲ್ಥಸನು ಹೇಳಿದಂತೆ ನಡೆಯುವುದು. ಪರಮಾವಧಿಯ ಅರ್ಧವನ್ನು ಮುಟ್ಟಿದಾಗ ವೇಗವು ಅತ್ಯಧಿಕ. ಆಮೇಲೆ ವೇಗವು ಕುಗ್ಗುತ್ತ, ಸಂಖ್ಯೆಯು ಪರಮಾವಧಿಯನ್ನು ಸಮೀಪಿಸಿ ನಿಲ್ಲುವುದು. ೧೮೪೫ರಲ್ಲಿ ಆತನು ಈ ವಕ್ರರೇಖೆಗೆ ‘ಲಾಜಿಸ್ಟಿಕ್’ ಎಂಬ ಹೆಸರಿಟ್ಟನು. ಏಕೆ ಇಟ್ಟನೆಂಬುದನ್ನು ವಿವರಿಸಲಿಲ್ಲ. ತಡೆಯು ವರ್ಗಾನುಪಾತದಲ್ಲಿಯೇ ಇರಬೇಕೆಂಬುದಕ್ಕೆ ಪ್ರಮಾಣವೇನು? ಸರಳವೆಂಬುದೊಂದೇ. ಆ ಸರಳತೆಯ ಮೇಲೆ ನಿಂತು ೧೮೪೫ರಲ್ಲಿ ಬೆಲ್ಜಿಯಂ ದೇಶದ ಪರಮಾವಧಿಯನ್ನು ೬೬ ಲಕ್ಷವೆಂದು ಗಣಿಸಿ, ಎರಡು ವರ್ಷಗಳ ತರುವಾಯ ತಡೆಯ ರೂಪವನ್ನು ಬೇರೆಯಾಗಿ ಕಲ್ಪಿಸಿ ಅದನ್ನು ೯೪ ಲಕ್ಷಕ್ಕೆ ತಿದ್ದಿದನು. ೧೮೪೯ರಲ್ಲಿ ಆತನು ತೀರಿಕೊಂಡನು, ಲೇಖನಗಳೂ ಮರೆತುಹೋದುವು.

ಅದೇ ೧೮೩೮ರಲ್ಲಿ ಫ್ರಾನ್ಸಿನ ಕೂರ್ನೋ ಸಂಪತ್ತಿನ ಸಿದ್ಧಾಂತಕ್ಕೆ ಕಲನಶಾಸ್ತ್ರವನ್ನು ಪ್ರಯೋಗಿಸಿದ ಗ್ರಂಥವನ್ನು ಹೊರತಂದನು. ಒಬ್ಬನ ಸ್ವತ್ತಿನಲ್ಲಿ ರೋಗಹಾರಿಯಾದ ಖನಿಜಜಲದ ಊಟೆಯೊಂದಿದೆಯೆಂದು ಭಾವಿಸಿರಿ. ನೀರೆತ್ತುವುದಕ್ಕೆ ಖರ್ಚಿಲ್ಲ. ಬೆಲೆಯನ್ನು ಏರಿಸಿದರೆ ಪ್ರತಿಯೊಂದು ಅಳತೆಗೂ ಹೆಚ್ಚು ಹಣ, ಆದರೆ ಕೊಳ್ಳುವವರು ಕಡಮೆ. ಇಳಿಸಿದರೆ ಕೊಳ್ಳುವವರು ಹೆಚ್ಚು, ಹಣ ಕಡಮೆ. ಏರಿಸಿದುದರಿಂದ ಬರುವ ಲಾಭವೂ ಗಿರಾಕಿಗಳು ತಪ್ಪುವುದರಿಂದ ಆಗುವ ನಷ್ಟವೂ ಎಲ್ಲಿ ಸರಿಸಮವಾಗುವುವೋ, ಎಂದರೆ ಆದಾಯದ ತಾತ್ಕಾಲಿಕಗತಿಯು ಎಲ್ಲಿ ಶೂನ್ಯವೋ, ಅಲ್ಲಿಯೇ ಆದಾಯವು ಪರಮ. ಭಾಸ್ಕರನು ಮಂದಫಲದ ವಿಷಯದಲ್ಲಿ ಹೇಳಿದ ನಿಯಮವೇ ಇದು. ಪಾಠ ಹೇಳುವವರು ಎರಡನ್ನೂ ಒಂದೇ ಹಲಗೆಯ ಮೇಲೆ ಬರೆದು ತೋರಿಸಬಹುದು. ಕೂರ್ನೋವಿನ ಗ್ರಂಥವನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ೧೮೬೩ರಲ್ಲಿ ಆತನು ಗಣಿತವನ್ನೆಲ್ಲ ತೆಗೆದುಹಾಕಿ ಅದೇ ವಿಷಯವನ್ನು ಮತ್ತೆ ಬರೆದನೆಂಬುದನ್ನು ನೆನೆದರೆ ಅನುಕಂಪವುಂಟಾಗುವುದು. ಜೆವನ್ಸನ ಗ್ರಂಥವು ೧೮೭೧ರಲ್ಲಿಯೂ ಮಾರ್ಷಲ್ಲನದು ೧೮೯೦ರಲ್ಲಿಯೂ ಬಂದ ಮೇಲೆ ಅರ್ಥಶಾಸ್ತ್ರದಲ್ಲಿ ಈ ಮಾರ್ಗವು ರಾಜಮಾರ್ಗವಾಯಿತು.

ವರ್ಹುಲ್ಸ್ಟನ ರೇಖೆಯನ್ನು ೧೯೨೦ರಲ್ಲಿ ಅಮೆರಿಕದ ಪರ್ಲ್ ಮತ್ತು ರೀಡ್ ಎಂಬವರು, ಆತನ ಹೆಸರನ್ನೂ ಅರಿಯದೆ, ಮರಳಿ ಕಂಡುಹಿಡಿದರು. ೧೭೯೦ರಿಂದ ೧೯೧೦ರವರೆಗಿನ ಖಾನೇಸುಮಾರಿಯ ಅಂಕಿಗಳ ಮೇಲೆ ಅದು ಅಚ್ಚೊತ್ತಿದಂತೆ ಕುಳಿತಿತು. ವೇಗದ ಪರಮಸ್ಥಾನವು ೧೯೧೪ರ ಏಪ್ರಿಲ್‌ನಲ್ಲಿ ಕಳೆಯಿತೆಂದೂ, ಸಂಯುಕ್ತಸಂಸ್ಥಾನಗಳ ಜನಸಂಖ್ಯೆಯು ೧೯ ಕೋಟಿ ೭೩ ಲಕ್ಷದ ಒಳಗೇ ನಿಲ್ಲುವುದೆಂದೂ ಅವರು ಹೇಳಿದರು. ೧೯೭೦ರ ಗಣತಿಯಲ್ಲಿ ಅದು ೨೦ ಕೋಟಿಯನ್ನು ದಾಟಿದ್ದಿತು. ೨೦೨೦ರಲ್ಲಿ ೩೩ ಕೋಟಿಗೂ ಮಿಗಿಲು. ಹಿಂದಿನ ನೂರಿಪ್ಪತ್ತು ವರ್ಷಗಳ ಅಂಕಿಗಳೊಡನೆ ಹೊಂದುವುದು ಮುಂದಿನ ನೂರು ವರ್ಷಕ್ಕೆ ಸಾಕ್ಷಿಯಾಗಲಾರದು. ತಿಥ್ಯಂತವು ದೂರವಿದ್ದರೆ ತಾತ್ಕಾಲಿಕಗತಿಯನ್ನು ನಂಬಬೇಡವೆಂದ ವಿಧಿಯನ್ನು ಇಲ್ಲಿ ಸ್ಮರಿಸಬೇಕು.

ಹಿಂದೂದೇಶಕ್ಕೂ ಈ ಚರಿತ್ರೆಗೂ ನೇರವಾದ ಸಂಬಂಧವು ರೋಗಗಳ ಮೂಲಕ ಉಂಟಾಯಿತು. ರೊನಾಲ್ಡ್ ರಾಸನು ೧೮೮೩ರಲ್ಲಿ ಬೆಂಗಳೂರಿನಲ್ಲಿ ಸೈನ್ಯದ ವೈದ್ಯನಾಗಿದ್ದಾಗ, ತನ್ನ ಬಂಗಲೆಯ ಬಳಿಯ ನಿಂತ ನೀರನ್ನು ತೆಗೆಸಿದರೆ ಸೊಳ್ಳೆಗಳು ಕಡಮೆಯಾಗುವುದನ್ನು ಗಮನಿಸಿದನು. ೧೮೯೭ರ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಜೀವಾಣುವನ್ನು ಕಂಡುದು ಲೋಕವಿದಿತ. ಅದರ ಗಣಿತವು ಅಷ್ಟು ವಿದಿತವಲ್ಲ. ಸೊಳ್ಳೆಗಳನ್ನು ನಿಶ್ಶೇಷವಾಗಿ ಕೊಲ್ಲುವುದು ಅಸಾಧ್ಯ, ಆದುದರಿಂದ ಪ್ರಯತ್ನವೇ ವ್ಯರ್ಥವೆಂದು ಆಕ್ಷೇಪಿಸಿದವರಿಗೆ ರಾಸನು ೧೯೧೧ರಲ್ಲಿ ಕಲನಶಾಸ್ತ್ರದಿಂದ ಉತ್ತರ ಕೊಟ್ಟನು. ಹೊಸದಾಗಿ ರೋಗ ತಗಲುವ ವೇಗವೊಂದು, ಗುಣವಾಗುವ ವೇಗವೊಂದು. ಸೊಳ್ಳೆಗಳ ಸಂಖ್ಯೆಯು ಒಂದು ಗಡಿಗಿಂತ ಕೆಳಗಿಳಿದರೆ ಮೊದಲನೆಯದು ಎರಡನೆಯದನ್ನು ಮೀರಲಾರದು. ಉಳಿದ ಸೊಳ್ಳೆಗಳು ಬದುಕಿದ್ದರೂ ರೋಗವು ತಾನಾಗಿ ನಶಿಸುವುದು. ಜೀವವಿಷಯದಲ್ಲಿ ಕಲನಶಾಸ್ತ್ರದಿಂದ ಲೋಕಕ್ಕಾದ ಉಪಕಾರಗಳಲ್ಲಿ ಇದು ಅಗ್ರಗಣ್ಯವೆನ್ನದೆ ವಿಧಿಯಿಲ್ಲ.

ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದು, ಕಸೌಲಿಯ ಪಾಸ್ತರ್ ಸಂಸ್ಥೆಯಲ್ಲಿ ಕೆಲಸ ಮಾಡಿ ಎಡಿನ್‌ಬರೊಗೆ ಹಿಂದಿರುಗಿದ ಮೆಕೆಂಡ್ರಿಕನು ರಾಸನ ಮಾರ್ಗವನ್ನೇ ಮುಂದುವರಿಸಿದನು. ಪ್ರಯೋಗಶಾಲೆಯ ಅಪಘಾತದಲ್ಲಿ ೧೯೨೪ರಲ್ಲಿ ಕಣ್ಣು ಕಳೆದುಕೊಂಡಿದ್ದ ರಸಾಯನಜ್ಞನಾದ ಕರ್ಮಕನೊಡನೆ ಸೇರಿ ೧೯೨೭ರಲ್ಲಿ ಪ್ರಕಟಿಸಿದ ಪ್ರಬಂಧವು ಇಂದಿಗೂ ಸಾಂಕ್ರಾಮಿಕಗಳ ಗಣಿತಕ್ಕೆ ಮೂಲ. ಸಾಂಕ್ರಾಮಿಕವು ನಿಲ್ಲುವುದು ರೋಗಕ್ಕೆ ಪಕ್ಕಾಗುವವರೆಲ್ಲರೂ ಮುಗಿದುಹೋದುದರಿಂದಲ್ಲ. ಅವರ ಸಂಖ್ಯೆಯು ಒಂದು ಗಡಿಯಿಂದ ಕೆಳಗಿಳಿದುದರಿಂದ. ಉದಾಹರಣೆಗೆ ಅವರು ತೆಗೆದುಕೊಂಡುದು ಮುಂಬಯಿಯಲ್ಲಿ ೧೯೦೫ರ ಡಿಸೆಂಬರ್ ೧೭ರಿಂದ ೧೯೦೬ರ ಜುಲೈ ೨೧ರವರೆಗೆ ಪ್ಲೇಗಿನಿಂದ ವಾರವಾರಕ್ಕೂ ಸತ್ತವರ ಅಂಕಿಗಳನ್ನು. ೧೮೯೬ರಲ್ಲಿ ಮುಂಬಯಿಗೂ ೧೮೯೮ರಲ್ಲಿ ಬೆಂಗಳೂರಿಗೂ ಬಂದು ಪ್ಲೇಗಮ್ಮನ ಗುಡಿಗಳನ್ನು ಕಟ್ಟಿಸಿದ ಮಾರಿಯೇ ಇದು. ಗಣಿತದ ರೇಖೆಯು ಆ ಅಂಕಿಗಳ ಮೇಲೆ ಸೊಗಸಾಗಿ ಕುಳಿತಿತು. ಆದರೆ ಪರ್ಲನಂತೆ ಅವರು ಹಿಗ್ಗಲಿಲ್ಲ: ಮನುಷ್ಯರ ಪ್ಲೇಗು ಇಲಿಗಳ ಪ್ಲೇಗಿನ ಪ್ರತಿಬಿಂಬವಾದುದರಿಂದ ತಮ್ಮ ಸಂಖ್ಯೆಗಳಿಗೆ ಹೆಚ್ಚಿನ ಅರ್ಥವನ್ನು ಹಚ್ಚಬಾರದೆಂದು ಪ್ರಬಂಧದಲ್ಲಿಯೇ ಬರೆದರು. ಮುಂಬಯಿಯಲ್ಲಿ ಪ್ಲೇಗು ವರ್ಷವರ್ಷವೂ ವಸಂತದಲ್ಲಿ ಏರಿ ಮಳೆಗಾಲಕ್ಕೆ ಇಳಿಯುತ್ತಿದ್ದಿತು. ಆ ಇಳಿತಕ್ಕೆ ಋತುವೇ ಮುಖ್ಯಕಾರಣವೆಂದು ೨೦೧೨ರಲ್ಲಿ ಬಕಾಯೆರ್ ಎಂಬ ಫ್ರಾನ್ಸಿನ ವಿದ್ವಾಂಸನು ತೋರಿಸಿದನು. ಮೂಲಲೇಖಕರ ಎಚ್ಚರಿಕೆಯು ಸಾರ್ಥಕವಾಯಿತು.

ಇಟಲಿಯ ವೊಲ್ಟೆರ್ರನು ಏಡ್ರಿಯಾಟಿಕ್ ಸಮುದ್ರದ ಮೀನಿನ ಮಾರುಕಟ್ಟೆಗಳ ಲೆಕ್ಕವನ್ನು ಅಳಿಯನಾದ ಡಂಕೋನನಿಂದ ತಿಳಿದು, ತಿನ್ನುವ ಮೀನಿಗೂ ತಿನ್ನಿಸಿಕೊಳ್ಳುವ ಮೀನಿಗೂ ಸಮೀಕರಣಗಳನ್ನು ೧೯೨೬ರಲ್ಲಿ ಬರೆದುದು, ಲೋಟ್ಕನು ಅದಕ್ಕೆ ಮುನ್ನ ೧೯೨೫ರಲ್ಲಿಯೇ ಅಂಥವನ್ನು ಪ್ರಕಟಿಸಿದ್ದುದು, ಇವೆಲ್ಲ ಪಠ್ಯಗಳಲ್ಲಿ ಸುಲಭವಾಗಿ ದೊರೆಯುವ ವಿಷಯಗಳು.

ಇಷ್ಟಾದರೂ ಬೋಧನೆಯು ಬಹುಕಾಲ ಗಣಿತ, ಭೌತಶಾಸ್ತ್ರಗಳ ವಿದ್ಯಾರ್ಥಿಗಳಿಗೇ ಮೀಸಲಾಗಿದ್ದಿತು. ಮೆಲ್ಲರನು ೧೯೦೨ರಲ್ಲಿ ರಸಾಯನ ಮತ್ತು ಭೌತಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಬರೆದನು. ಸಿಲ್ವೇನಸ್ ಥಾಮ್ಸನನು ೧೯೧೦ರಲ್ಲಿ ತನ್ನ ಹೆಸರನ್ನು ಮರೆಮಾಡಿ, ಕಲನಶಾಸ್ತ್ರದ ಭಯವನ್ನು ಬಿಡಿಸುವ ಚಿಕ್ಕ ಪುಸ್ತಕವನ್ನು ಸಾಮಾನ್ಯರಿಗಾಗಿ ಹೊರತಂದನು. ಅರ್ಥಶಾಸ್ತ್ರಜ್ಞರಿಗಾಗಿ ಅಲೆನ್ನನ ಗ್ರಂಥವು ೧೯೩೮ರಲ್ಲಿ, ಕೂರ್ನೋವಿಗೆ ಸರಿಯಾಗಿ ನೂರು ವರ್ಷಗಳಾದ ಮೇಲೆ, ಬಂದಿತು. ಜೀವಶಾಸ್ತ್ರ, ವ್ಯವಹಾರ, ಸಮಾಜವಿಷಯಗಳ ವಿದ್ಯಾರ್ಥಿಗಳಿಗೆ ಪ್ರತ್ಯೇಕವಾದ ಗಣಿತಪಾಠಕ್ರಮವನ್ನು ಅಮೆರಿಕದ ಗಣಿ�ತಾಧ್ಯಾಪಕರ ಸಮಿತಿಯೊಂದು ೧೯೬೪ರಲ್ಲಿ ಸೂಚಿಸಿತು. ಇಂಥ ಪಾಠಕ್ರಮಗಳಲ್ಲಿ ಸೂತ್ರಗಳ ಉಪಪತ್ತಿಯನ್ನು ಕಿರಿದುಮಾಡಿ ಉದಾಹರಣೆಗಳನ್ನು ಹೆಚ್ಚಿಸುವುದು ವಾಡಿಕೆ. ಅದು ತಪ್ಪಲ್ಲ. ಆದರೆ ವರ್ಹುಲ್ಸ್ಟನ ರೇಖೆಯನ್ನು ಕಲಿಸಿ ಬೆಲ್ಜಿಯಮ್ಮಿನ ಗಣತಿಯನ್ನು ಕಲಿಸದಿರುವುದು ತಪ್ಪು.

ಜ್ಯೋತಿಷಿಗೆ ಗ್ರಹಣವೆಂಬ ಸಾಕ್ಷಿಯಿದ್ದಿತು. ಕೇರಳದ ಪರಮೇಶ್ವರನು ಐವತ್ತೈದು ವರ್ಷಗಳ ಕಾಲ ಗ್ರಹಣಗಳನ್ನೂ ಗ್ರಹಯೋಗಗಳನ್ನೂ ಕಣ್ಣಾರೆ ಪರೀಕ್ಷಿಸಿದನೆಂದು ನೀಲಕಂಠಸೋಮಯಾಜಿಯು ಹೇಳಿರುವನು. ಹಳೆಯ ಪರಹಿತಗಣಿತವು ಕಣ್ಣಿಗೆ ಕಂಡುದರೊಡನೆ ಹೊಂದದಿರಲು, ಗುರುಪರಂಪರೆಯ ಗೌರವವನ್ನು ಬಿಡದೆಯೇ ಆತನು ಮೂಲಾಂಕಗಳನ್ನು ತಿದ್ದಿ ೧೪೩೧ರಲ್ಲಿ ದೃಗ್ಗಣಿತವನ್ನು ರಚಿಸಿದನು. ಜ್ಯೆ, ಕೋಟಿಜ್ಯೆಗಳ ಸಂಬಂಧವನ್ನು ಆತನು ತಿದ್ದಬೇಕಾಗಲಿಲ್ಲ. ತಿದ್ದಿದುದು ಅವುಗಳಿಗೆ ಉಣಿಸುವ ಅಂಕಗಳನ್ನು. ವರ್ಹುಲ್ಸ್ಟನು ೬೬ ಲಕ್ಷವನ್ನು ೯೪ ಲಕ್ಷಕ್ಕೆ ಏರಿಸಿದುದೂ ಅದೇ ಜಾತಿಯ ಕೆಲಸ. ಆದರೆ ಆತನಿಗೆ ಮುಂದಿನ ಗ್ರಹಣವನ್ನು ಕಾಯುವಷ್ಟು ಆಯುಸ್ಸಿರಲಿಲ್ಲ. ಬೆಲ್ಜಿಯಮ್ಮಿನ ಜನಸಂಖ್ಯೆಯು ಈಗ ಒಂದು ಕೋಟಿ ಹದಿನೇಳು ಲಕ್ಷವನ್ನು ದಾಟಿದೆ.